ಕೊನೆಯ ಗುಂಡಿ ಮಗುವಿಗಿರಲಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ವಿಶೇಷ ಶಾಲೆಗಳಲ್ಲಿ ಆಯುಷ್ಯವೆಲ್ಲ ದುಡಿದು ನಿವೃತ್ತರಾದ ಅಕ್ಕೋರು, ಅಂದರೆ ಶಿಕ್ಷಕಿಯರು, ಈಗ ಅಜ್ಜಿಯರಾಗಿದ್ದಾರೆ. ಕೆಲವರು ತೀರಿಕೊಂಡಿದ್ದಾರೆ. ವಿಶೇಷ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಬಂದದ್ದು 1992ರಲ್ಲಿ, ಅಂಗವಿಕಲರ ಕಾಯ್ದೆ ಬಂದದ್ದು 1995ರಲ್ಲಿ. ಅವೆರಡಕ್ಕೂ ಮೊದಲೇ ಈ ಕೆಲಸ ಹಿಡಿದ ಹೆಣ್ಣುಮಕ್ಕಳು ಗಟ್ಟಿಗಿತ್ತಿಯರು. ‘ಇವಂಗೇನ್ ಬರತೈತ್ರಿ ಅಕ್ಕೋರ’ ಎಂದವರಿಗೆ ಅವರು ವಾದದಿಂದ ಉತ್ತರ ಕೊಡಲಿಲ್ಲ. ಮಗುವಿನ ಕೈಯಿಂದಲೇ ಮಾಡಿಸಿ ತೋರಿಸಿದರು. ಅವರನ್ನು ನೆನೆಯಲು ಅವರ ಪಾಠವೊಂದನ್ನು ಪೂರ್ತಿ ಬರೆದಿಡುವುದು ಮೇಲು. ಪಾಠ ಚಿಕ್ಕದು: ಅಂಗಿಯ ಗುಂಡಿ ಹಾಕಿಕೊಳ್ಳುವುದು.

ಬೌದ್ಧಿಕ ವಿಕಲತೆ ಇರುವ ಮಗುವಿಗೆ ‘ಗುಂಡಿ ಹಾಕ್ಕೊ’ ಎಂದರೆ ನಮಗೆ ಅದು ಒಂದು ಮಾತು, ಮಗುವಿಗೆ ಆರು ಕೆಲಸ. ಎಡಗೈಯಿಂದ ಕಾಜಾದ ಅಂಚು ಹಿಡಿಯಬೇಕು. ಬಲಗೈಯ ಹೆಬ್ಬೆರಳು-ತೋರುಬೆರಳಲ್ಲಿ ಗುಂಡಿ ಹಿಡಿಯಬೇಕು. ಅದನ್ನು ಓರೆ ಮಾಡಿ ಕಾಜಾದ ಬಾಯಿಗೆ ತರಬೇಕು. ಅರ್ಧ ತೂರಿಸಬೇಕು. ಹೊರಬಂದ ಅರ್ಧವನ್ನು ಎಡಗೈ ಬೆರಳುಗಳು ಹಿಡಿಯಬೇಕು. ಆಮೇಲೆ ಬಲಗೈ ಬಿಟ್ಟು, ಎಡಗೈಯಿಂದ ಪೂರ್ತಿ ಎಳೆಯಬೇಕು. ಹೆಚ್ಚಿನ ಮಕ್ಕಳು ಎಡವುವುದು ಐದನೆಯದರಲ್ಲಿ: ಎಡಗೈ ಹಿಡಿಯುವ ಮೊದಲೇ ಬಲಗೈ ಬಿಡುತ್ತದೆ, ಗುಂಡಿ ಜಾರಿ ಹಿಂದಕ್ಕೆ ಹೋಗುತ್ತದೆ. ಮನೆಯವರು ‘ಲಕ್ಷ್ಯ ಕೊಡಂಗಿಲ್ಲ’ ಎಂದು ಬೈಯುತ್ತಾರೆ. ಲಕ್ಷ್ಯ ಇರುತ್ತದೆ, ಎರಡು ಕೈಯ ಹೊಂದಾಣಿಕೆ ಇನ್ನೂ ಬಂದಿರುವುದಿಲ್ಲ.

ಅಕ್ಕೋರು ಇದನ್ನು ಹಿಂದಿನಿಂದ ಕಲಿಸುತ್ತಿದ್ದರು. ಮೊದಲ ಐದು ಹೆಜ್ಜೆ ನೀವು ಮಾಡಿ, ಗುಂಡಿ ಅರ್ಧ ಹೊರಗೆ ಬಂದಿರಲಿ. ಕೊನೆಯ ಎಳೆತ ಮಾತ್ರ ಮಗುವಿನದು. ‘ಎಳಿ’ ಎಂಬ ಒಂದೇ ಮಾತು. ಅದು ಬಂದ ಮೇಲೆ ಕೊನೆಯ ಎರಡು ಹೆಜ್ಜೆ, ಆಮೇಲೆ ಮೂರು. ಮೊದಲಿನಿಂದ ಕಲಿಸಿದರೆ ಮಗು ಶುರು ಮಾಡುತ್ತದೆ, ಮುಗಿಸುವವರು ದೊಡ್ಡವರು. ಮಗುವಿನ ಕೈಯಲ್ಲಿ ಉಳಿಯುವುದು ಅರೆಬರೆ ಕೆಲಸ. ಹಿಂದಿನಿಂದ ಕಲಿಸಿದರೆ ಪ್ರತಿ ಸಲವೂ ಕೆಲಸ ಮುಗಿಯುವುದು ಮಗುವಿನ ಕೈಯಲ್ಲೇ. ಇಡೀ ಅಂಗಿಗೂ ಇದೇ ಲೆಕ್ಕ. ಮೇಲಿನಿಂದ ನೀವು ಹಾಕುತ್ತ ಬನ್ನಿ, ಕೆಳಗಿನ ಕೊನೆಯದನ್ನು ಮಗುವಿಗೆ ಬಿಡಿ. ಅದು ಮಗುವಿನ ಕಣ್ಣಿಗೆ ಕಾಣುತ್ತದೆ, ಕಾಜಾ ತಪ್ಪಿ ಅಂಗಿ ಸೊಟ್ಟಗಾಗುವುದಿಲ್ಲ. ಕೊರಳಿನ ಗುಂಡಿ ಕಾಣದ ಗುಂಡಿ. ಅದನ್ನು ಎಲ್ಲಕ್ಕಿಂತ ಕೊನೆಗೆ, ಕನ್ನಡಿ ಎದುರು ಕಲಿಸಬೇಕು.

ಬಿಚ್ಚುವುದು ಹಾಕುವುದಕ್ಕಿಂತ ಸುಲಭ, ಅದನ್ನೇ ಮೊದಲು ಹಿಡಿಯಿರಿ. ಸಾಲಿಯಿಂದ ಬಂದು ಯೂನಿಫಾರ್ಮ್ ತೆಗೆಯುವ ಸಂಜೆಯ ಹತ್ತು ನಿಮಿಷ ಇದಕ್ಕೆ ಒಳ್ಳೆಯ ಹೊತ್ತು. ಮುಂಜಾನೆ ವ್ಯಾನ್ ಬಾಗಿಲಿಗೆ ಬಂದಾಗ ‘ತಡಿ, ನಾ ಹಾಕ್ತೀನಿ’ ಎನ್ನುವ ಅಜ್ಜಿಯ ಪ್ರೀತಿ ನಿಜವಾದದ್ದು. ಆದರೆ ವಾರದ ಕಲಿಕೆ ಅಲ್ಲೇ ಕೆಡುತ್ತದೆ, ಕಾದರೆ ಯಾರೋ ಹಾಕುತ್ತಾರೆ ಎಂಬುದೂ ಮಗು ಕಲಿಯುವ ಪಾಠವೇ. ಗಡಿಬಿಡಿ ಇದ್ದರೆ ಉಳಿದದ್ದೆಲ್ಲ ನೀವೇ ಹಾಕಿ, ಕೊನೆಯದೊಂದನ್ನು ಬಿಡಿ.

ಅಂಗಿಯನ್ನೂ ತಯಾರು ಮಾಡಬೇಕಾಗುತ್ತದೆ. ಮೊದಲಿಗೆ ಎರಡೂವರೆ ಸೆಂಟಿಮೀಟರ್ ಅಗಲದ ಕೋಟಿನ ಗುಂಡಿ, ಅದಕ್ಕಿಂತ ಅರ್ಧ ಸೆಂಟಿಮೀಟರ್ ಹೆಚ್ಚು ಉದ್ದದ ಕಾಜಾ ಇರಲಿ. ಆಮೇಲೆ ಗುಂಡಿ ಚಿಕ್ಕದಾಗುತ್ತ ಬರಲಿ. ದರ್ಜಿ ಗುಂಡಿಯನ್ನು ಬಟ್ಟೆಗೆ ಅಂಟಿಸಿದಂತೆ ಬಿಗಿಯಾಗಿ ಹೊಲಿದಿದ್ದರೆ ಬೆರಳು ಸೇರುವುದಿಲ್ಲ. ಗುಂಡಿ-ಬಟ್ಟೆ ನಡುವೆ ಮೂರು ಮಿಲಿಮೀಟರಿನಷ್ಟು ದಾರದ ಕಾಲು ಬಿಟ್ಟು ಹೊಲಿಯಲು ಹೇಳಿ. ಎದುರಿಗೆ ಕೂತು ತೋರಿಸಬೇಡಿ, ಎಡ-ಬಲ ತಿರುವುಮುರುವಾಗುತ್ತದೆ. ಮಗುವಿನ ಬೆನ್ನ ಹಿಂದೆ ಕೂತು, ನಿಮ್ಮ ಕೈ ಅದರ ಕೈಮೇಲೆ ಇಡಿ. ಹುಡುಗಿಯರ ಅಂಗಿಯಲ್ಲಿ ಸಾಮಾನ್ಯವಾಗಿ ಗುಂಡಿ ಎಡಮಗ್ಗುಲಿಗೆ ಇರುತ್ತದೆ; ಆಗ ಕೈಗಳ ಕೆಲಸ ಅದಲುಬದಲು.

ಮಗುವಿನ ಕೈಮೇಲಿನ ನಿಮ್ಮ ಕೈ ದಿನೇದಿನೇ ಹಿಂದೆ ಸರಿಯಬೇಕು: ಮೊದಲು ಬೆರಳಮೇಲೆ, ಆಮೇಲೆ ಮಣಿಕಟ್ಟು, ಆಮೇಲೆ ಮೊಳಕೈ, ಆಮೇಲೆ ಬರೀ ಬೆರಳು ಮಾಡಿ ತೋರಿಸುವುದು. ಪ್ರತಿ ಸಲ ಸಹಾಯಕ್ಕೆ ಮುಂಚೆ ಮನಸ್ಸಿನಲ್ಲೇ ಐದು ಎಣಿಸಿ. ಮಾತಿನ ಸಹಾಯ ಹಗುರ ಅನಿಸುತ್ತದೆ, ಬಿಡಿಸುವುದು ಬಹಳ ಕಷ್ಟ. ‘ಹಾಂ ಹಿಡಿ, ಹಾಂ ತೂರ್ಸು’ ಎಂದು ಹೇಳುತ್ತಲೇ ಇದ್ದರೆ ಮಗು ಗುಂಡಿ ಬಿಟ್ಟು ನಿಮ್ಮ ಬಾಯಿ ನೋಡುತ್ತದೆ. ದಿನಕ್ಕೆ ಐದು ಸಲ ಮಾಡಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸತತ ಮೂರು ದಿನ ಐದರಲ್ಲಿ ನಾಲ್ಕು ಸಲ ತಾನೇ ಮಾಡಿದರೆ ಮುಂದಿನ ಹೆಜ್ಜೆ. ವಾರವಾದರೂ ಗುರುತು ಮೇಲೇಳದಿದ್ದರೆ ಮಗು ಸೋತಿಲ್ಲ, ಹೆಜ್ಜೆ ದೊಡ್ಡದಾಗಿದೆ; ಅದನ್ನೇ ಎರಡು ಮಾಡಿ. ಅವ್ವ ಒಂದು ರೀತಿ, ಅಜ್ಜಿ ಒಂದು ರೀತಿ ಕಲಿಸುವ ಮನೆಗಳಲ್ಲೂ ಗುರುತು ನಿಲ್ಲುತ್ತದೆ.

ಬೆರಳಿಗೆ ಕಸುವು ಬರಲು ಶೇಂಗಾ ಒಡೆಯುವುದಕ್ಕಿಂತ ಒಳ್ಳೆಯ ಕೆಲಸ ನಮ್ಮ ಕಡೆ ಇಲ್ಲ. ಎರಡೂ ಕೈ ಬೇಕು, ಹೆಬ್ಬೆರಳು ಒತ್ತಬೇಕು, ಅಜ್ಜಿ ಪಕ್ಕದಲ್ಲೇ ಇರುತ್ತಾಳೆ. ಬಟ್ಟೆ ಒಣಹಾಕುವ ಕ್ಲಿಪ್ ಕೂಡ ಆದೀತು. ಬಾಯಿಗೆ ಹಾಕಿಕೊಳ್ಳುವ ಮಗುವಿಗೆ ಶೇಂಗಾ, ಬೀಜ ಯಾವುದೂ ಬೇಡ, ಉಸಿರುಕೊಳವೆಗೆ ಹೋಗುತ್ತದೆ. ಬಣ್ಣ ಚೆಂದವೆಂದು ಗುಲಗಂಜಿ ಕೊಡಲೇಬೇಡಿ, ಅಗಿದರೆ ವಿಷ. ಬ್ಯಾಡಗಿ ಕಡೆ ಮನೆಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾರೆ; ಅಲ್ಲಿ ಮಗುವನ್ನು ಕೂಡಿಸಿದರೆ ಅದೇ ಕೈ ಕಣ್ಣಿಗೆ ಹೋಗುತ್ತದೆ.

ಒಂದು ಮಗ್ಗುಲು ಬಲವಿಲ್ಲದ ಮಗುವಿಗೆ ಈ ಕ್ರಮ ಹೊಂದದು. ಅಂಗಿ ತೊಡುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಕಾಜಾ ಹೊಲಿದುಬಿಟ್ಟು, ಮೇಲೆ ಗುಂಡಿ, ಒಳಗೆ ವೆಲ್ಕ್ರೋ ಪಟ್ಟಿ ಹಚ್ಚಿಸಿದರೆ ಯೂನಿಫಾರ್ಮ್ ಎಲ್ಲರ ಹಾಗೇ ಕಾಣುತ್ತದೆ.

ಕಾಗದಪತ್ರದ ಮಾತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ವಿಕಲತೆ ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಮಗುವಿನ ಹಕ್ಕು. ವಿಕಲತೆಯ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿಟ್ಟಿರಿ. ಶಾಲೆಗೆ ಬರಲಾಗದ ಮಗುವಿದ್ದರೆ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರಕ್ಕೆ (ಬಿ.ಆರ್.ಸಿ.) ಹೋಗಿ, ಮನೆಗೆ ಬಂದು ಕಲಿಸುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕೇಳಿ. ಅವರು ಬಂದ ದಿನ ಆ ಕ್ಯಾಲೆಂಡರ್ ತೋರಿಸಿ. ಮಗು ಯಾವ ಹೆಜ್ಜೆಯಲ್ಲಿದೆ ಎಂಬುದು ಅವರಿಗೆ ಅದರಲ್ಲೇ ಸಿಗುತ್ತದೆ.