ಸೂಜಿ ಬೆನ್ನಿಗೆ, ಉಪವಾಸ ಯಾಕೆ ಹೊಟ್ಟೆಗೆ?

ನಮ್ಮ ಚಿಕ್ಕಪ್ಪನಿಗೆ ಡಿಸ್ಕ್ ತೊಂದರೆ. ಸೊಂಟದಿಂದ ಪಾದದವರೆಗೂ ಸೆಳೆತ. ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸೋದು ಅಂತ ಆಯಿತು. ಹಿಂದಿನ ರಾತ್ರಿ ಎಂಟಕ್ಕೆ ಊಟ ಮುಗಿಸಿದವರು ಆಮೇಲೆ ಏನೂ ಮುಟ್ಟಲಿಲ್ಲ. ಬೆಳಿಗ್ಗೆ ಶುಗರ್ ಮಾತ್ರೆಯನ್ನು ಮಾತ್ರ ಮರೆಯದೆ ಒಂದು ಗುಟುಕು ನೀರಲ್ಲಿ ನುಂಗಿದರು. ಹನ್ನೊಂದಕ್ಕೆ ಬರಬೇಕಿದ್ದ ಸರದಿ ಎರಡಾದರೂ ಬರಲಿಲ್ಲ. ಕೈ ನಡುಗಿ, ಬೆವರಿ, ಬೆಂಚಿನ ಮೇಲೆ ವಾಲಿಕೊಂಡರು. ಸಕ್ಕರೆ ನೀರು ಕುಡಿಸಿದ ನರ್ಸ್ ಕೇಳಿದರು, "ಉಪವಾಸ ಇರಿ ಅಂತ ಯಾರು ಹೇಳಿದ್ರು ಯಜಮಾನ್ರೇ?" ಯಾರೂ ಹೇಳಿರಲಿಲ್ಲ. ಬೆನ್ನಿಗೆ ಸೂಜಿ ಅಂದ್ರೆ ಆಪರೇಷನ್ನೇ ಅಲ್ವಾ ಅಂತ ಇವರೇ ತೀರ್ಮಾನಿಸಿಬಿಟ್ಟಿದ್ದರು.

ಹೊಟ್ಟೆಗೂ ಸೂಜಿಗೂ ಸಂಬಂಧವೇ ಇಲ್ಲ. ಸಂಬಂಧ ಇರುವುದು ಮಂಪರಿಗೆ.

ನಮ್ಮ ಗಂಟಲಲ್ಲಿ ಒಬ್ಬ ಕಾವಲುಗಾರ ಇದ್ದಾನೆ ಅಂದುಕೊಳ್ಳಿ. ಒಂದು ಹನಿ ನೀರು ಉಸಿರಿನ ದಾರಿಗೆ ಇಳಿದರೂ ಕೆಮ್ಮಿಸಿ ಆಚೆ ದಬ್ಬುತ್ತಾನೆ. ಹೊಟ್ಟೆಯ ಮೇಲ್ತುದಿಯಲ್ಲೂ ಒಂದು ಬಿಗಿ ಬಾಯಿ ಇದೆ, ಗೋಣಿಚೀಲದ ಬಾಯಿಗೆ ದಾರ ಕಟ್ಟಿದ ಹಾಗೆ. ಪ್ರೊಪೊಫಾಲ್‌ನಂಥ ಮಂಪರಿನ ಔಷಧ ಒಳಗೆ ಹೋದರೆ ದಾರ ಸಡಿಲ, ಕಾವಲುಗಾರನೂ ನಿದ್ದೆ. ಆಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಅದು ಬರೀ ಅನ್ನವಲ್ಲ, ಆಸಿಡ್ ಕಲೆಸಿದ ಅನ್ನ.

ಇದನ್ನು ಎಲ್ಲರಿಗೂ ಮನದಟ್ಟು ಮಾಡಿದವರು ನ್ಯೂಯಾರ್ಕಿನ ಹೆರಿಗೆ ವೈದ್ಯ ಕರ್ಟಿಸ್ ಮೆಂಡೆಲ್ಸನ್. 1946ರಲ್ಲಿ ಅವರು 44,016 ಗರ್ಭಿಣಿಯರ ದಾಖಲೆ ತೆಗೆದು ನೋಡಿದಾಗ 66 ಮಂದಿಗೆ ಹೀಗಾಗಿತ್ತು. ಹೆರಿಗೆ ವೇಳೆ ಪೂರ್ತಿ ಪ್ರಜ್ಞೆ ತಪ್ಪಿಸುವುದು ಸಾಮಾನ್ಯವಾಗಿದ್ದ ಕಾಲದ ಮಾತು. ಮೊಲಗಳ ಮೇಲೂ ಪ್ರಯೋಗ ಮಾಡಿ, ಶ್ವಾಸಕೋಶವನ್ನು ಸುಡುವುದು ಆಸಿಡ್ಡೇ ಅಂತ ತೋರಿಸಿದರು. ಅಲ್ಲಿಂದ ಮುಂದೆ "ಮಧ್ಯರಾತ್ರಿಯ ನಂತರ ಏನೂ ಬೇಡ" ಅನ್ನುವುದು ಮಂತ್ರವಾಯಿತು. ತಮಾಷೆ ಏನು ಗೊತ್ತಾ? 1883ರಲ್ಲೇ ಬ್ರಿಟಿಷ್ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್, ಕ್ಲೋರೋಫಾರ್ಮ್ ಕೊಡುವಾಗ ಹೊಟ್ಟೆಯಲ್ಲಿ ಗಟ್ಟಿ ಪದಾರ್ಥ ಇರಬಾರದು, ಆದರೆ ಎರಡು ಗಂಟೆ ಮೊದಲು ಒಂದು ಕಪ್ ಚಹಾ ಕೊಡುವುದು ಒಳ್ಳೆಯದು ಅಂತ ಬರೆದಿದ್ದರು. ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲಿ ಸುತ್ತಿ ಸುತ್ತಿ ಬಂದು ನಿಂತದ್ದೂ ಅಲ್ಲಿಗೇ: ತಿಳಿ ದ್ರವಕ್ಕೆ 2 ಗಂಟೆ, ಹಗುರ ತಿಂಡಿಗೆ 6. ಎಣ್ಣೆಯಲ್ಲಿ ಕರಿದದ್ದಾದರೆ 8 ಅಥವಾ ಇನ್ನೂ ಜಾಸ್ತಿ.

ನೀರಿಗೂ ಅನ್ನಕ್ಕೂ ಯಾಕೆ ಇಷ್ಟು ವ್ಯತ್ಯಾಸ? ಹೊಟ್ಟೆಯನ್ನು ಕೆರೆ ಅಂದುಕೊಳ್ಳಿ, ಅದರ ಕೆಳಬಾಗಿಲೇ ತೂಬು. ನೀರು ತಾನಾಗಿ ಹರಿದುಹೋಗುತ್ತದೆ. ಗಟ್ಟಿ ಆಹಾರಕ್ಕೆ ಅದೇ ತೂಬು ಜರಡಿಯಾಗುತ್ತದೆ. ಒಂದೆರಡು ಮಿಲಿಮೀಟರಿಗಿಂತ ದಪ್ಪಗಿದ್ದರೆ ವಾಪಸ್ ಒರಳಿಗೆ, ಇನ್ನಷ್ಟು ರುಬ್ಬಿಕೊಂಡು ಬಾ ಅಂತ. ಕೊಬ್ಬು ಇದ್ದರಂತೂ ತೂಬೇ ಅರ್ಧ ಮುಚ್ಚಿಕೊಳ್ಳುತ್ತದೆ. ಹಾಲು ಹೊಟ್ಟೆಗೆ ಹೋದಮೇಲೆ ಒಡೆದು ಗಟ್ಟಿಯಾಗುವುದರಿಂದ ನಮ್ಮ ಫಿಲ್ಟರ್ ಕಾಫಿ ತಿಳಿ ದ್ರವದ ಲೆಕ್ಕಕ್ಕೆ ಬರುವುದಿಲ್ಲ, ಬರೀ ಡಿಕಾಕ್ಷನ್ ನೀರು ಬರುತ್ತದೆ. ಏಕಾದಶಿಗೆ ಅವಲಕ್ಕಿ ನಡೆಯಬಹುದು, ಇಲ್ಲಿ ಅದೂ ಊಟವೇ.

ಈಗ ಚಿಕ್ಕಪ್ಪನ ವಿಷಯ. ಬೆನ್ನುಹುರಿಯ ಹೊರಪೊರೆಯ ಆಚೆಗೆ ಹಾಕುವ ಇಂಥ ನೋವಿನ ಇಂಜೆಕ್ಷನ್ನಿಗೆ ಎಪಿಡ್ಯೂರಲ್ ಅಂತಾರೆ. ಇದನ್ನು ಹೆಚ್ಚಿನ ಕಡೆ ಚರ್ಮ ಮರಗಟ್ಟಿಸಿ, ರೋಗಿ ಎಚ್ಚರ ಇರುವಾಗಲೇ ಕೊಡುತ್ತಾರೆ. ಕಾವಲುಗಾರನೂ ಎಚ್ಚರವಾಗೇ ಇರುತ್ತಾನೆ. ಅಮೆರಿಕದ ಆ ಸಂಘದ ಉಪವಾಸದ ನಿಯಮ, ಹೀಗೆ ಆ ಜಾಗವನ್ನಷ್ಟೇ ಮರಗಟ್ಟಿಸುವ ಬರೀ ಲೋಕಲ್ ಅನಸ್ತೇಷಿಯಾಗೆ ಅನ್ವಯಿಸುವುದಿಲ್ಲ. ಸಿಸೇರಿಯನ್‌ಗೆ ಬೆನ್ನಿಗೆ ಕೊಟ್ಟು ದೇಹದ ಕೆಳಭಾಗವನ್ನೇ ಮರಗಟ್ಟಿಸುವ ಸ್ಪೈನಲ್ ಇಂಜೆಕ್ಷನ್ ಬೇರೆ ಸಮಾಚಾರ. ಅಲ್ಲಿ ಅದು ಸಾಲದೆ ಹೋದರೆ ಪೂರ್ತಿ ಮಲಗಿಸಬೇಕಾಗುತ್ತದೆ, ಹಾಗಾಗಿ ಉಪವಾಸ ಬೇಕೇ ಬೇಕು. ಕೆಲವು ಡಾಕ್ಟರು ನೋವಿನ ಇಂಜೆಕ್ಷನ್ನಿಗೂ ಮಂಪರು ಕೊಡುತ್ತಾರೆ. ಅವರು ಉಪವಾಸ ಅಂದರೆ ಸುಮ್ನೆ ವಾದ ಮಾಡದೆ ಉಪವಾಸ ಇರಿ, ಆದರೆ ಎಷ್ಟು ಗಂಟೆ, ನೀರು ಕುಡಿಯಬಹುದಾ, ಶುಗರ್ ಮಾತ್ರೆ ಏನು ಮಾಡಲಿ ಅಂತ ಕೇಳಿಕೊಳ್ಳಿ. ಶುಗರ್‌ಗೋ ತೂಕ ಇಳಿಸುವುದಕ್ಕೋ ಸೆಮಾಗ್ಲುಟೈಡ್ ತೆಗೆದುಕೊಳ್ಳುವವರು ಅದನ್ನೂ ಹೇಳಬೇಕು, ಅದು ತೂಬನ್ನೇ ನಿಧಾನ ಮಾಡುವ ಔಷಧ.

ಇಷ್ಟೆಲ್ಲ ಉಪವಾಸ ಮಾಡಿದ ಚಿಕ್ಕಪ್ಪ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವುದನ್ನು ಮಾತ್ರ ಡಾಕ್ಟರಿಗೆ ಹೇಳಿರಲೇ ಇಲ್ಲ. ಬೆನ್ನುಹುರಿಯ ಪಕ್ಕ ರಕ್ತ ಕಟ್ಟಿದರೆ ಕಾಲೇ ಸ್ವಾಧೀನ ತಪ್ಪಬಹುದು. ಅವತ್ತು ಇಂಜೆಕ್ಷನ್ ಮುಂದಕ್ಕೆ ಹೋಗಿದ್ದು ಆ ಮಾತ್ರೆಯಿಂದ.