ಇವತ್ತು ರಾತ್ರಿ ಯಾವ ಗೇಮ್?

ಬೆಳ್ಳಂದೂರಿನ ಆಫೀಸಿನಿಂದ ಹೊರಟು, ಸಿಲ್ಕ್ ಬೋರ್ಡ್ ದಾಟಿ, ಜಯನಗರದ ಮನೆ ಸೇರುವಷ್ಟರಲ್ಲಿ ಎಂಟೂವರೆ. ಊಟ, ಪಾತ್ರೆ, ಊರಿನಿಂದ ಅಮ್ಮನ ಫೋನು ಎಲ್ಲ ಮುಗಿಸಿ ಕಂಪ್ಯೂಟರ್ ಮುಂದೆ ಕೂತರೆ ಮಲಗುವ ಮುಂಚೆ ಸಿಗುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಅದರಲ್ಲಿ ಅರ್ಧ ಗಂಟೆ ‘ಯಾವುದು ಆಡೋಣ’ ಅಂತ ಕೊಂಡಿಟ್ಟ ಗೇಮ್‌ಗಳ ಪಟ್ಟಿಯನ್ನು ಮೇಲೆ ಕೆಳಗೆ ಮಾಡುವುದರಲ್ಲೇ ಹೋಗುತ್ತದೆ. ಕೊನೆಗೆ ಯೂಟ್ಯೂಬಿನಲ್ಲಿ ಬೇರೆ ಯಾರೋ ಆಡುವುದನ್ನು ನೋಡಿ ಮಲಗುವುದು. ಗೇಮ್ ಆಡುವ ಬೆಂಗಳೂರಿನವರಿಗೆ ಈ ಪಾಡು ಹೊಸದಲ್ಲ.

ಹದಿನೈದಿಪ್ಪತ್ತು ವರ್ಷದ ಹಿಂದೆ ಈ ತಲೆನೋವು ಇರಲಿಲ್ಲ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ ಆಡುತ್ತಿದ್ದರು, ಯಾಕೆಂದರೆ ಎಲ್ಲ ಮಿಷಿನ್‌ಗಳಲ್ಲೂ ಇರುತ್ತಿದ್ದದ್ದು ಅದೇ. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಿಂದ ಒಂದು ಡಿಸ್ಕ್ ತಂದರೆ ಅದು ಗೀರು ಬಿದ್ದು ನಿಲ್ಲುವ ತನಕ ಓಡಬೇಕಿತ್ತು. ಈಗ ಸ್ಟೀಮ್ ಎಂಬ ಒಂದೇ ಆನ್‌ಲೈನ್ ಅಂಗಡಿಗೆ 2024ರಲ್ಲಿ ಬಂದ ಹೊಸ ಗೇಮ್‌ಗಳೇ 18 ಸಾವಿರಕ್ಕೂ ಜಾಸ್ತಿ. ದಿನಕ್ಕೆ ಐವತ್ತರ ಹತ್ತಿರ ಬಂತು.

ಆಯ್ಕೆ ಜಾಸ್ತಿಯಾದದ್ದೇ ತೊಂದರೆ ಅಂತ ಎಲ್ಲರೂ ಹೇಳುತ್ತಾರೆ. ಇದಕ್ಕೆ ಸಾಕ್ಷಿಯಾಗಿ ತೋರಿಸುವುದು 2000ನೇ ಇಸವಿಯ ಜಾಮ್ ಪ್ರಯೋಗವನ್ನು. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಕ್ಯಾಲಿಫೋರ್ನಿಯಾದ ಒಂದು ಅಂಗಡಿಯಲ್ಲಿ ಒಮ್ಮೆ 24 ಬಗೆಯ ಜಾಮ್ ಇಟ್ಟರು, ಒಮ್ಮೆ 6 ಬಗೆ ಮಾತ್ರ. 6 ಇಟ್ಟಾಗ ನಿಂತು ನೋಡಿದವರಲ್ಲಿ ಶೇ. 30ರಷ್ಟು ಜನ ಕೊಂಡರು. 24 ಇಟ್ಟಾಗ ಕೊಂಡವರು ಶೇ. 3 ಮಾತ್ರ. ಕಥೆ ಚೆನ್ನಾಗಿದೆ. ಆದರೆ 2010ರಲ್ಲಿ ಇಂಥ 50 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂತು. ತನಗೆ ಏನು ಬೇಕು ಅಂತ ಗೊತ್ತಿರುವವನಿಗೆ ಉದ್ದದ ಪಟ್ಟಿ ಭಾರವಲ್ಲ, ಗೊತ್ತಿಲ್ಲದವನಿಗೆ ಭಾರ. ಹಾಗಾಗಿ ಪಟ್ಟಿಯನ್ನು ಬೈದು ಪ್ರಯೋಜನವಿಲ್ಲ. ‘ಯಾವುದು ಅತ್ಯುತ್ತಮ ಗೇಮ್’ ಅಂತ ಕೇಳಿಕೊಳ್ಳುವುದರಲ್ಲೇ ಎಡವಟ್ಟಿದೆ. ಕೇಳಬೇಕಾದದ್ದು ಎರಡು: ಈ ಗೇಮ್ ಬಗ್ಗೆ ನನಗೆ ಎಷ್ಟು ಗೊತ್ತು? ನನ್ನ ಕೈಯಲ್ಲಿ ಇನ್ನೆಷ್ಟು ಸಂಜೆಗಳಿವೆ?

ಈ ಎರಡು ಪ್ರಶ್ನೆಗಳ ಹಿಂದೆ ಸಾಕಷ್ಟು ಹಳೆಯ ಗಣಿತವಿದೆ, ಮತ್ತು ಅದು ಹುಟ್ಟಿದ್ದು ಆಟಕ್ಕಾಗಿ ಅಲ್ಲ. 1933ರಲ್ಲಿ ಅಮೆರಿಕದ ವಿಲಿಯಂ ಥಾಂಪ್ಸನ್ ಒಂದು ಲೇಖನ ಬರೆದರು. ಒಂದೇ ಕಾಯಿಲೆಗೆ ಎರಡು ಚಿಕಿತ್ಸೆಗಳಿವೆ, ಎರಡನ್ನೂ ಕೆಲವೇ ರೋಗಿಗಳ ಮೇಲೆ ನೋಡಿದ್ದಾಗಿದೆ. ಮುಂದಿನ ರೋಗಿಗೆ ಯಾವುದು ಕೊಡಬೇಕು? ಸದ್ಯಕ್ಕೆ ಮುಂದಿರುವುದನ್ನೇ ಕೊಡುತ್ತಾ ಹೋದರೆ ಇನ್ನೊಂದು ನಿಜಕ್ಕೂ ಒಳ್ಳೆಯದಾಗಿತ್ತೇ ಅನ್ನುವುದು ಎಂದೂ ತಿಳಿಯುವುದಿಲ್ಲ. ಬರೀ ಪ್ರಯೋಗ ಮಾಡುತ್ತಾ ಕೂತರೆ ರೋಗಿಗಳಿಗೆ ಅನ್ಯಾಯ. ಇದನ್ನೇ ಮುಂದೆ ಕ್ಯಾಸಿನೋದ ಸ್ಲಾಟ್ ಮಿಷಿನ್‌ಗಳ ಲೆಕ್ಕವಾಗಿ ಹೇಳುವುದು ರೂಢಿಯಾಯಿತು. ಸಾಲಾಗಿ ಮಿಷಿನ್‌ಗಳಿವೆ, ಯಾವುದು ಎಷ್ಟು ಸಲ ದುಡ್ಡು ಕೊಡುತ್ತದೆಂದು ಗೊತ್ತಿಲ್ಲ, ಯಾವುದರ ಹಿಡಿಕೆ ಎಳೆಯಬೇಕು? ಎರಡನೇ ಮಹಾಯುದ್ಧದ ಕಾಲದಲ್ಲಿ ಮಿತ್ರಪಕ್ಷದ ಗಣಿತಜ್ಞರು ಇದರ ಹಿಂದೆ ಬಿದ್ದು ಎಷ್ಟು ಹೈರಾಣಾದರೆಂದರೆ, ಈ ಸಮಸ್ಯೆಯನ್ನೇ ಜರ್ಮನಿಯ ಮೇಲೆ ಎಸೆದುಬಿಡೋಣ, ಅವರ ತಲೆಯೂ ಕೆಡಲಿ ಎಂಬ ಸಲಹೆ ಬಂದಿತ್ತಂತೆ. ಇದನ್ನು ಆಮೇಲೆ ನೆನೆಸಿಕೊಂಡವರು ಬ್ರಿಟನ್ನಿನಲ್ಲಿದ್ದ ನ್ಯೂಜಿಲೆಂಡ್ ಮೂಲದ ಗಣಿತಜ್ಞ ಪೀಟರ್ ವಿಟ್ಲ್.

ಥಾಂಪ್ಸನ್ ಕೊಟ್ಟ ಉಪಾಯ ಸರಳ. ಒಂದು ಆಯ್ಕೆ ‘ಇದೇ ಎಲ್ಲಕ್ಕಿಂತ ಒಳ್ಳೆಯದಾಗಿರಬಹುದು’ ಅನ್ನಿಸುವ ಸಾಧ್ಯತೆ ಎಷ್ಟಿದೆಯೋ ಅಷ್ಟೇ ಸಲ ಅದನ್ನು ಆರಿಸಿ. ಅದಕ್ಕಿಂತ ಜಾಸ್ತಿಯೂ ಬೇಡ, ಕಡಿಮೆಯೂ ಬೇಡ. ಹತ್ತಿರ ಹತ್ತಿರ ಎಂಬತ್ತು ವರ್ಷ ಇದನ್ನು ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಕಂಪ್ಯೂಟರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಸರಿ, ಆದರೆ ಯಾಕೆ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. ಅದು ಬಂದದ್ದು 2012ರಲ್ಲಿ, ಇದೇ ಬೆಂಗಳೂರಿನಿಂದ. ಇಲ್ಲಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿದ್ದ ಶಿಪ್ರಾ ಅಗರ್ವಾಲ್ ಮತ್ತು ನವೀನ್ ಗೋಯಲ್ ಇದನ್ನು ಗಣಿತದಲ್ಲಿ ತೋರಿಸಿಕೊಟ್ಟರು. ತಪ್ಪು ಆಯ್ಕೆಗಳಿಂದ ಆಗುವ ಒಟ್ಟು ನಷ್ಟ ಲಾಗರಿದಮ್ ಲೆಕ್ಕದಲ್ಲಿ, ಅಂದರೆ ತುಂಬಾ ನಿಧಾನವಾಗಿ, ಬೆಳೆಯುತ್ತದೆ. 100 ಸಲ ಆರಿಸಿದಾಗ ಆದ ನಷ್ಟ, 10,000 ಸಲ ಆರಿಸಿದರೂ ಸರಿಸುಮಾರು ದುಪ್ಪಟ್ಟಾಗುತ್ತದೆ, ಅಷ್ಟೇ. ಗೇಮ್ ಆರಿಸಲಾಗದೆ ಒದ್ದಾಡುವ ಊರಿಗೆ ಇದು ಹೆಮ್ಮೆಯ ವಿಷಯ ಅಲ್ವಾ?

ಲೆಕ್ಕ ಹಾಕಿಯೇ ನೋಡೋಣ. ಸ್ಟಾರ್‌ಡ್ಯೂ ವ್ಯಾಲಿಯನ್ನು ನೀವು ಹತ್ತು ಸಂಜೆ ಆಡಿದ್ದೀರಿ, ಎಂಟು ಸಂಜೆ ಮಜಾ ಬಂದಿದೆ ಅನ್ನಿ. ಪಕ್ಕದಲ್ಲಿ ಇನ್ನೂ ತೆರೆಯದ ಒಂದು ಗೇಮ್ ಇದೆ, ಅದರ ಬಗ್ಗೆ ಏನೇನೂ ಗೊತ್ತಿಲ್ಲ. ಅದು ಎಷ್ಟು ಬೇಕಾದರೂ ಒಳ್ಳೆಯದಿರಬಹುದು, ಎಷ್ಟು ಬೇಕಾದರೂ ಕೆಟ್ಟದಿರಬಹುದು, ಎಲ್ಲಕ್ಕೂ ಸಮ ಸಾಧ್ಯತೆ. ಗೊತ್ತಿರುವ ಗೇಮ್‌ಗಿಂತ ಅದು ಒಳ್ಳೆಯದಾಗಿರುವ ಸಾಧ್ಯತೆ ಎಷ್ಟು? ಉತ್ತರ ಕರಾರುವಾಕ್ಕಾಗಿ ಶೇ. 25. ಅಂದರೆ ನಾಲ್ಕರಲ್ಲಿ ಒಂದು ಸಂಜೆ ಹೊಸದಕ್ಕೆ. ಎರಡು ನಾಣ್ಯ ಚಿಮ್ಮಿಸಿ, ಎರಡೂ ಹೆಡ್ ಬಿದ್ದರೆ ಹೊಸ ಗೇಮ್, ಇಲ್ಲದಿದ್ದರೆ ಹಳೆಯದು.

ಚಂದ ಇರುವುದು ಇದಾದ ಮೇಲೆ. ಹೊಸ ಗೇಮ್ ಮೊದಲ ಸಂಜೆ ಮಜಾ ಕೊಟ್ಟಿತು ಅನ್ನಿ. ಆ ಶೇ. 25 ಒಂದೇ ಏಟಿಗೆ ಶೇ. 42ಕ್ಕೆ ಏರುತ್ತದೆ. ಬೋರ್ ಹೊಡೆಸಿದರೆ ಶೇ. 8ಕ್ಕಿಂತ ಕೆಳಗೆ ಇಳಿಯುತ್ತದೆ. ಎರಡನೇ ಸಂಜೆಯೂ ಬೋರ್ ಆದರೆ ಶೇ. 3ರ ಒಳಗೆ. ಅಲ್ಲಿಗೂ ಸೊನ್ನೆ ಆಗುವುದಿಲ್ಲ ನೋಡಿ. ಎರಡು ಕೆಟ್ಟ ಸಂಜೆ ಕೊಟ್ಟ ಗೇಮ್‌ಗೂ ಯಾವತ್ತೋ ಒಂದು ದಿನ ಸರದಿ ಬರುತ್ತದೆ. ಇಷ್ಟೆಲ್ಲ ಕಾಗದದ ಮೇಲೆ ಮಾಡಿ ಅಂತ ನಾನು ಹೇಳುತ್ತಿಲ್ಲ. ನನಗೆ ಇಷ್ಟವಾಗುವುದು ಏನೂ ಗೊತ್ತಿಲ್ಲದಿದ್ದಾಗ ಒಂದು ಸಂಜೆ ಎಷ್ಟು ಕಲಿಸುತ್ತದೆ ಎಂಬುದು. ನೂರು ಸಂಜೆ ಆಡಿದ ಗೇಮ್‌ನ ನೂರೊಂದನೇ ಸಂಜೆ ಹೊಸದೇನೂ ಹೇಳುವುದಿಲ್ಲ.

ಈಗ ಎರಡನೇ ಪ್ರಶ್ನೆ. ಇನ್ನೆಷ್ಟು ಸಂಜೆಗಳಿವೆ? 1970ರ ದಶಕದಲ್ಲಿ ಜಾನ್ ಗಿಟಿನ್ಸ್ ಇದಕ್ಕೆ ಒಂದು ಸೂಚ್ಯಂಕ, ಅಂದರೆ ಪ್ರತಿ ಆಯ್ಕೆಗೂ ಒಂದೇ ಸಂಖ್ಯೆಯಲ್ಲಿ ಬೆಲೆ ಕಟ್ಟುವ ದಾರಿ, ಕಂಡುಹಿಡಿದರು. ನಾಳೆಯ ಮಜಾಕ್ಕೆ ಇವತ್ತಿನ ಮಜಾದ ಶೇ. 90ರಷ್ಟು ಬೆಲೆ ಕೊಡುತ್ತೀರಿ, ನಾಡಿದ್ದಿಗೆ ಅದರ ಶೇ. 90, ಹೀಗೆ ಅನ್ನಿ. ಚೆನ್ನಾಗಿದ್ದರೆ ಮುಂದುವರಿಸಬಹುದು, ಇಲ್ಲದಿದ್ದರೆ ಬಿಡಬಹುದು, ಹಾಗಾಗಿ ಏನೂ ಗೊತ್ತಿಲ್ಲದ ಹೊಸ ಗೇಮ್, ನೂರಕ್ಕೆ 70 ಸಂಜೆ ಖಂಡಿತ ಮಜಾ ಕೊಡುವ ಹಳೆಯ ಗೇಮ್‌ಗೆ ಸಮ. ನೂರಕ್ಕೆ 75 ಸಂಜೆ ಖಂಡಿತ ಮಜಾ ಕೊಡುವುದು ಕೈಯಲ್ಲಿದ್ದರೆ ಅದನ್ನೇ ಆಡಿ. ಶೇ. 90ರ ಬದಲು 99 ಇಟ್ಟರೆ, ಅಂದರೆ ಮುಂದೆ ತುಂಬಾ ದಿನಗಳಿವೆ ಎಂದುಕೊಂಡರೆ, ಹೊಸ ಗೇಮ್‌ನ ಬೆಲೆ 87ಕ್ಕೆ ಹಾರುತ್ತದೆ. ಈಗ ಆ 75ರ ಗೇಮ್ ಹಿಂದೆ ಬಿತ್ತು. ಗೇಮ್ ಅದೇ, ಆಡುವವನೂ ಅವನೇ, ಮುಂದಿರುವ ದಿನ ಮಾತ್ರ ಬೇರೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿ ಬೇಸಿಗೆ ರಜೆಗೆ ಕಾಲಿಟ್ಟ ಹುಡುಗಿ ದಿನಕ್ಕೊಂದು ಹೊಸ ಗೇಮ್ ಡೌನ್‌ಲೋಡ್ ಮಾಡಿ ಅರ್ಧಕ್ಕೆ ಬಿಟ್ಟರೆ ಮನೆಯವರು ‘ಚಂಚಲ’ ಅಂತಾರೆ. ಗಣಿತ ಅವಳ ಕಡೆಗಿದೆ. ಮುಂದಿನ ತಿಂಗಳು ಮಗು ಹುಟ್ಟಲಿದೆ ಅನ್ನುವ ಅಪ್ಪ ಹಳೆಯ ಫುಟ್‌ಬಾಲ್ ಗೇಮನ್ನೇ ತೆರೆದು ಕೂತರೆ ಅವನದೂ ತಪ್ಪಲ್ಲ.

‘ಏನೇನೂ ಗೊತ್ತಿಲ್ಲ’ ಅನ್ನುವುದು ಲೆಕ್ಕದ ಅನುಕೂಲಕ್ಕೆ ಹೇಳಿದ ಮಾತು. ನಿಜದಲ್ಲಿ ಹೊಸ ಗೇಮ್ ಬಗ್ಗೆ ಏನಾದರೂ ಕೇಳಿರುತ್ತೇವೆ. ಯಾವ ಸುದ್ದಿಯನ್ನು ನಂಬಬೇಕು? ‘ಟಾಪ್ ಸೆಲ್ಲರ್’ ಪಟ್ಟಿಯ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. 2006ರಲ್ಲಿ ಮ್ಯಾಥ್ಯೂ ಸಾಲ್ಗಾನಿಕ್ ಮತ್ತು ಜೊತೆಗಾರರು 14 ಸಾವಿರಕ್ಕೂ ಹೆಚ್ಚು ಜನರಿಗೆ ಯಾರಿಗೂ ಗೊತ್ತಿಲ್ಲದ 48 ಹಾಡುಗಳನ್ನು ಕೊಟ್ಟರು. ಒಂದಿಷ್ಟು ಜನರಿಗೆ ಬರೀ ಹಾಡುಗಳ ಪಟ್ಟಿ. ಉಳಿದವರನ್ನು 8 ಬೇರೆ ಬೇರೆ ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಡೌನ್‌ಲೋಡ್ ಮಾಡಿದ್ದಾರೆಂದು ತೋರಿಸಿದರು. ಒಂದು ಗುಂಪಿನಲ್ಲಿ ಗೆದ್ದ ಹಾಡು ಇನ್ನೊಂದರಲ್ಲಿ ಹಿಂದೆ ಬಿದ್ದಿತ್ತು. ತೀರಾ ಒಳ್ಳೆಯವು ಸೋಲುವುದು ಅಪರೂಪ, ತೀರಾ ಕೆಟ್ಟವು ಗೆಲ್ಲುವುದೂ ಅಪರೂಪ. ನಡುವಿನವುಗಳ ಹಣೆಬರಹ ಮೊದಲು ಬಂದ ನಾಲ್ಕು ಜನ ಏನು ಒತ್ತಿದರು ಎಂಬುದರ ಮೇಲೆ ನಿಂತಿತ್ತು.

ಟ್ರೇಲರ್ ನೋಡಿ ತೀರ್ಮಾನಿಸೋಣ ಅಂದರೆ ಅದಕ್ಕೂ ಒಂದು ಪ್ರಯೋಗ ಇದೆ. 2009ರಲ್ಲಿ ಡೇನಿಯಲ್ ಗಿಲ್ಬರ್ಟ್ ತಂಡ ಸ್ಪೀಡ್ ಡೇಟಿಂಗ್ ಏರ್ಪಡಿಸಿತು. ಹೆಂಗಸರಿಗೆ ಐದು ನಿಮಿಷ ಒಬ್ಬ ಗಂಡಸಿನ ಜೊತೆ ಮಾತು. ಅದು ಎಷ್ಟು ಖುಷಿ ಕೊಡುತ್ತದೆಂದು ಮೊದಲೇ ಊಹಿಸಬೇಕು. ಕೆಲವರಿಗೆ ಅವನ ಫೋಟೋ ಮತ್ತು ವಿವರ ಸಿಕ್ಕಿತು. ಉಳಿದವರಿಗೆ ಸಿಕ್ಕಿದ್ದು ಅವನ ಜೊತೆ ಆಗಲೇ ಮಾತಾಡಿದ್ದ ಇನ್ನೊಬ್ಬ ಹೆಂಗಸು ತನಗೆ ಎಷ್ಟು ಖುಷಿಯಾಯಿತೆಂದು ಕೊಟ್ಟ ಅಂಕ, ಅಷ್ಟೇ. ಅಂಕ ನೋಡಿದವರ ಊಹೆ ಹೆಚ್ಚು ಸರಿಯಾಯಿತು. ಆದರೂ ಮುಂದಿನ ಸಲ ಏನು ಬೇಕೆಂದು ಕೇಳಿದರೆ ಹೆಚ್ಚಿನವರು ಕೇಳಿದ್ದು ಫೋಟೋ ಮತ್ತು ವಿವರವನ್ನೇ! ನಾವು ಮಾಡುವುದೂ ಅದೇ. ಹತ್ತು ನಿಮಿಷದ ಟ್ರೇಲರ್‌ಗಳನ್ನು ಸಾಲಾಗಿ ನೋಡುತ್ತೇವೆ. ಆಫೀಸಿನ ಟೀ ಬ್ರೇಕಿನಲ್ಲಿ, ನಮ್ಮ ರುಚಿಗೆ ಹತ್ತಿರದ ಗೆಳೆಯನಿಗೆ ‘ಹತ್ತಕ್ಕೆ ಎಷ್ಟು ಕೊಡ್ತೀಯೋ?’ ಅಂತ ಕೇಳುವುದಿಲ್ಲ. ಕೇಳಿದರೂ ಅವನು ಕಥೆ ಹೇಳಲು ಶುರು ಮಾಡುತ್ತಾನೆ. ಕಥೆ ಬೇಡ, ಅಂಕ ಸಾಕು.

ಸ್ಲಾಟ್ ಮಿಷಿನ್ ಲೆಕ್ಕ ಗೇಮ್‌ಗೆ ಪೂರ್ತಿ ಹೊಂದುವುದಿಲ್ಲ, ನಿಜ. ಮಿಷಿನ್ ಬದಲಾಗುವುದಿಲ್ಲ, ಗೇಮ್ ಹಳತಾಗುತ್ತದೆ, ಬಿಟ್ಟು ಆರು ತಿಂಗಳಾದ ಮೇಲೆ ಮತ್ತೆ ರುಚಿಸುತ್ತದೆ. ಇಂಥ ಬದಲಾಗುವ ಮಿಷಿನ್‌ಗಳ ಲೆಕ್ಕವನ್ನು 1988ರಲ್ಲಿ ಅದೇ ವಿಟ್ಲ್ ಕೈಗೆತ್ತಿಕೊಂಡರು. ಅದು ಇನ್ನೂ ಕಗ್ಗಂಟು. ಎರಡನೇ ತೊಂದರೆ ದೊಡ್ಡ ಕಥೆಯ ಗೇಮ್‌ಗಳದ್ದು. ಎಂಬತ್ತು ಗಂಟೆಯ ಗೇಮ್‌ನಲ್ಲಿ ಮೊದಲ ಎರಡು ಗಂಟೆ ಕುದುರೆ ಹತ್ತುವುದು ಹೇಗೆ, ಗಿಡಮೂಲಿಕೆ ಕೀಳುವುದು ಹೇಗೆ ಅಂತ ಕಲಿಸುವುದರಲ್ಲೇ ಮುಗಿಯುತ್ತದೆ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಚಿಕ್ಕ ಗೇಮ್‌ಗಳನ್ನು ರುಚಿ ನೋಡಲು ಇದು ಒಳ್ಳೆಯ ಬಾಗಿಲು. ದೊಡ್ಡವಕ್ಕೆ ಎರಡು ಗಂಟೆ ಸಾಲದು, ಅಲ್ಲಿ ಗೆಳೆಯನ ಅಂಕವೇ ಗತಿ.

ಸೇಲ್‌ನಲ್ಲಿ ಕೊಂಡು ಗುಡ್ಡೆ ಹಾಕಿದ ಗೇಮ್‌ಗಳ ಬಗ್ಗೆ ಒಂದು ಮಾತು. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ನಾಟಕಗಳ ಸೀಸನ್ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಯಲ್ಲಿ ಟಿಕೆಟ್ ಕೊಟ್ಟರು. ಯಾರಿಗೆ ಯಾವುದು ಅನ್ನುವುದು ಬರೀ ಅದೃಷ್ಟ. ಸೀಸನ್ನಿನ ಮೊದಲ ಅರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರೇ ಹೆಚ್ಚು ನಾಟಕಗಳಿಗೆ ಹೋದರು. ಎರಡನೇ ಅರ್ಧಕ್ಕೆ ಆ ವ್ಯತ್ಯಾಸ ಕರಗಿತು. ಶೇ. 80 ರಿಯಾಯಿತಿಯಲ್ಲಿ ಕೊಂಡ ಗೇಮ್ ನಮ್ಮನ್ನು ಯಾಕೆ ಎಳೆಯುವುದಿಲ್ಲ ಎಂಬುದಕ್ಕೆ ಇದೇ ಕಾರಣ ಇರಬಹುದು ಅಂತ ನನ್ನ ಅನಿಸಿಕೆ. ಕೊಟ್ಟ ದುಡ್ಡು ಹೇಗೂ ಹೋಯಿತು. ಇವತ್ತಿನ ಸಂಜೆಯ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ.

ಇದೆಲ್ಲ ಒಬ್ಬರೇ ಆಡುವಾಗಿನ ಮಾತು. ಭಾನುವಾರ ಮೂವರು ಗೆಳೆಯರು ಸೇರಿದರೆ ಗಣಿತ ಬೇರೆ ದಾರಿ ಹಿಡಿಯುತ್ತದೆ. ರಘುವಿಗೆ ಮೊದಲು ಫುಟ್‌ಬಾಲ್, ಆಮೇಲೆ ರೇಸ್, ಕೊನೆಗೆ ಶೂಟಿಂಗ್. ಮಂಜುಗೆ ರೇಸ್, ಶೂಟಿಂಗ್, ಫುಟ್‌ಬಾಲ್. ಇಮ್ರಾನ್‌ಗೆ ಶೂಟಿಂಗ್, ಫುಟ್‌ಬಾಲ್, ರೇಸ್. ಫುಟ್‌ಬಾಲಾ ರೇಸಾ ಅಂತ ಕೇಳಿದರೆ ಇಬ್ಬರು ಫುಟ್‌ಬಾಲ್ ಕಡೆ. ರೇಸಾ ಶೂಟಿಂಗಾ ಅಂದರೆ ಇಬ್ಬರು ರೇಸ್ ಕಡೆ. ಶೂಟಿಂಗಾ ಫುಟ್‌ಬಾಲಾ ಅಂದರೆ ಇಬ್ಬರು ಶೂಟಿಂಗ್ ಕಡೆ. ಸುತ್ತಿ ಸುತ್ತಿ ಅಲ್ಲಿಗೇ ಬಂತು. ಫ್ರಾನ್ಸಿನ ಕಾಂಡೋರ್ಸೆ 1785ರಲ್ಲೇ ತೋರಿಸಿದ ಗೋಜಲು ಇದು. ಇಂಥ ಗುಂಪಿನಲ್ಲಿ ಗೆಲ್ಲುವ ಗೇಮ್ ಯಾವುದು ಅನ್ನುವುದು ಯಾವ ಜೋಡಿಯನ್ನು ಮೊದಲು ಕೇಳುತ್ತೀರಿ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಇಮ್ರಾನ್‌ಗೆ ಶೂಟಿಂಗ್ ಬೇಕಿದ್ದರೆ, ಅದರ ಹೆಸರೇ ಎತ್ತದೆ, ‘ಫುಟ್‌ಬಾಲ್ ಆಡೋಣ್ವಾ, ರೇಸ್ ಆಡೋಣ್ವಾ?’ ಅಂತ ಮೊದಲು ಕೇಳಿ ಸುಮ್ನೆ ಕೂತರಾಯಿತು. ಅಲ್ಲಿ ಗೆಲ್ಲುವ ಫುಟ್‌ಬಾಲ್, ಆಮೇಲೆ ಶೂಟಿಂಗ್ ಎದುರು ಸೋಲುತ್ತದೆ.