ಹಿನ್ನೀರಿನ ದಂಡೆಗೆ ಸೈಟು: ಸಂಡಾಸದ ಗುಂಡಿ ಎಲ್ಲಿ ತೋಡೋದು?

ಬಾಗಲಕೋಟೆಯಲ್ಲಿ ಆಲಮಟ್ಟಿ ಡ್ಯಾಮಿನ ಹಿನ್ನೀರಿನ ಕಡೆ ಸೈಟು ತಗೊಂಡವರು ಮೊದಲು ಗಾಳಿಯ ಬಗ್ಗೆ ಹೇಳುತ್ತಾರೆ. ಆಮೇಲೆ ಟೆರೇಸಿನಿಂದ ನೀರು ಹೇಗೆ ಕಾಣುತ್ತೆ ಅಂತ. ಸಂಡಾಸದ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ಮಾತ್ರ "ಅದನ್ನ ಗೌಂಡಿ ನೋಡ್ಕೋತಾನ ಬಿಡು" ಅಂತ ಮಾತು ಮುಗಿಸುತ್ತಾರೆ. ನಮ್ಮ ಕಾಕಾನೂ ಹಾಗೇ ಅಂದಿದ್ದರು. ಒಳಚರಂಡಿ ಮುಟ್ಟದ ಜಾಗದಲ್ಲಿ ಅವರದೊಂದು 30-40 ಸೈಟು. ಅದರ ಸಲುವಾಗಿ ಓಡಾಡುವಾಗ ಇದು ಎಂಥ ಸಿಕ್ಕು ಅಂತ ನನಗೆ ಗೊತ್ತಾಯಿತು.

ಮೊದಲು ಈ ಗುಂಡಿಯ ಪ್ರಶ್ನೆಯೇ ಇರಲಿಲ್ಲ. ಜನ ಬಯಲಿಗೆ ಹೋಗುತ್ತಿದ್ದರು, ಇಲ್ಲವೇ ಮನೆ ಹಿಂದಿನ ಸಂಡಾಸವನ್ನು ಬೇರೆ ಯಾರೋ ತಲೆ ಮೇಲೆ ಹೊತ್ತು ಸಾಗಿಸುತ್ತಿದ್ದರು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪ ಸಚಿವರಾಗಿದ್ದಾಗ ರಾಜ್ಯದಲ್ಲಿ ಮಲ ಹೊರುವುದು ನಿಷೇಧ ಆಯಿತು, 1993ರಲ್ಲಿ ಕೇಂದ್ರದ ಕಾಯ್ದೆ, 2013ರಲ್ಲಿ ಇನ್ನೊಂದು, 2014ರಲ್ಲಿ ಸ್ವಚ್ಛ ಭಾರತ, ಅಷ್ಟೊತ್ತಿಗೆ ಮನೆಮನೆಗೂ ಗುಂಡಿ ಬಂತು.

ಇದರ ಜೊತೆಗೇ ನೀರೂ ಊರಿನ ಹತ್ತಿರ ಬಂತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿ ಡ್ಯಾಮಿಗೆ ಅಡಿಗಲ್ಲು ಹಾಕಿದರು. 2000ದಲ್ಲಿ ಸುಪ್ರೀಂ ಕೋರ್ಟ್ ಸಮುದ್ರ ಮಟ್ಟದಿಂದ 519.60 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. ಘಟಪ್ರಭೆಯ ದಂಡೆಯ ಹಳೇ ಬಾಗಲಕೋಟೆ ಒಂದಿಷ್ಟು ಮುಳುಗಿತು, ಮುಳುಗಿದವರಿಗಾಗಿ ನವನಗರ ಎದ್ದಿತು. ಎಲ್ಲೋ ದೂರ ಇದ್ದ ಜಮೀನು ದಂಡೆಯ ಸೈಟಾಯಿತು.

ಸೆಪ್ಟಿಕ್ ಟ್ಯಾಂಕ್ ಎಲ್ಲಾ ಸ್ವಚ್ಛ ಮಾಡುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ಇಲ್ಲ. 1890ರ ದಶಕದಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಡೊನಾಲ್ಡ್ ಕ್ಯಾಮರೂನ್ ಅದಕ್ಕೆ ಆ ಹೆಸರು ಕೊಟ್ಟಾಗಲೂ, ಇವತ್ತೂ, ಅದು ಮಾಡೋದು ಅರ್ಧ ಕೆಲಸ. ಗಟ್ಟಿ ಇದ್ದದ್ದು ತಳಕ್ಕೆ ಕೂರುತ್ತೆ, ಜಿಡ್ಡು ಮೇಲೆ ತೇಲುತ್ತೆ, ನಡುವಿನ ನೀರು ಹೊರಗೆ ಹೋಗುತ್ತೆ. ಆ ನೀರಿನಲ್ಲಿ ರೋಗಾಣು ಹಾಗೇ ಇರುತ್ತವೆ. ಉಳಿದ ಅರ್ಧ ಕೆಲಸ ಮಣ್ಣಿನದ್ದು. ಅದೂ ಒಣ ಮಣ್ಣು, ಒಳಗೆ ಗಾಳಿ ಆಡುವ ಮಣ್ಣು ಬೇಕು.

ಸೆಪ್ಟಿಕ್ ಟ್ಯಾಂಕಿಗೆ ಐಎಸ್ 2470 ಅಂತ ಭಾರತೀಯ ಮಾನಕದ ಕೋಡ್ ಇದೆ. ಐದು ಜನರ ಮನೆಗೆ ಅದು ಕೇಳುವ ಟ್ಯಾಂಕ್ ಚಿಕ್ಕದು. ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ನೀರಿನ ಆಳ ಸುಮಾರು ಒಂದು ಮೀಟರ್. ಕಷ್ಟ ಇರೋದು ಇಂಗುಗುಂಡಿಯದ್ದು, ಅಂದರೆ ಟ್ಯಾಂಕಿನಿಂದ ಬಂದ ನೀರನ್ನು ಮಣ್ಣಿಗೆ ಇಂಗಿಸುವ ಗುಂಡಿಯದ್ದು. ಕುಡಿಯುವ ನೀರಿನ ಬಾವಿಯಿಂದ ಅದು 18 ಮೀಟರ್ ದೂರ ಇರಬೇಕು, ಮನೆಯಿಂದ 6 ಮೀಟರ್. 30-40 ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಟೇಪು ಹಿಡಿದರೂ 50 ಅಡಿ, ಅಂದರೆ 15 ಮೀಟರ್ ಚಿಲ್ಲರೆ. ಬೋರು, ಗುಂಡಿ ಎರಡನ್ನೂ ಅದೇ ಸೈಟಿನಲ್ಲಿ ಕೂರಿಸೋಕೆ ಲೆಕ್ಕವೇ ಬಿಡಲ್ಲ. ವಾಸ್ತುವಂತೂ ಬೋರು ಈಶಾನ್ಯಕ್ಕೆ, ಗುಂಡಿ ವಾಯವ್ಯಕ್ಕೆ ಅನ್ನುತ್ತೆ. ಎರಡೂ ಉತ್ತರದ ಗೋಡೆಗೇ! ಪಕ್ಕದ ಮನೆಯವರ ಬೋರು ಎಲ್ಲಿದೆ ಅಂತ ಯಾರೂ ಕೇಳೋದೇ ಇಲ್ಲ.

ಮಣ್ಣಿನ ಪರೀಕ್ಷೆಗೂ ಕೋಡಿನಲ್ಲಿ ದಾರಿ ಇದೆ. ತಗ್ಗು ತೋಡಿ, ತಳಕ್ಕೆ ಸಣ್ಣ ಖಡಿ ಹಾಕಿ, ನೀರು ತುಂಬಿ ರಾತ್ರಿ ಬಿಡಬೇಕು. ಮಾರನೇ ದಿನ ಮತ್ತೆ ನೀರು ಹಾಕಿ, ಎರಡೂವರೆ ಸೆಂಟಿಮೀಟರ್ ಇಳಿಯಲು ಎಷ್ಟು ಹೊತ್ತು ಬೇಕು ನೋಡಬೇಕು. 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ ನಡೆಯುತ್ತೆ. 60 ದಾಟಿದರೆ ಆ ಮಣ್ಣನ್ನು ನಂಬುವ ಹಾಗಿಲ್ಲ. ರಾತ್ರಿಯಿಡೀ ಯಾಕೆ ನೆನೆಸಬೇಕು ಅಂತ ಎರಿ (ಕಪ್ಪು ಮಣ್ಣಿನ) ಭೂಮಿ ಉಳುವವರಿಗೆ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಎರಿ ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತೆ, ಎಷ್ಟು ಕೊಡ ಸುರಿದರೂ ಗಟಗಟ ಕುಡಿಯುತ್ತೆ. ಒಮ್ಮೆ ನೆನೆದು ಉಬ್ಬಿತು ಅಂದರೆ ಬಾಯಿ ಮುಚ್ಚಿಬಿಡುತ್ತೆ.

ನನ್ನ ತಕರಾರು ಇರೋದು ಇಲ್ಲೇ. ಸೈಟು ನೋಡೋದು, ಪಾಯ ತೋಡೋದು, ಗುಂಡಿ ಇಳಿಸೋದು ಎಲ್ಲಾ ಬೇಸಿಗೆಯಲ್ಲಿ. ಆಗ ಹಿನ್ನೀರು ದೂರ ಸರಿದಿರುತ್ತೆ, ತಗ್ಗು ಒಣಗಿರುತ್ತೆ, ಗುಂಡಿಗೆ ಹತ್ತು ಸಿಮೆಂಟ್ ರಿಂಗ್ ಇಳಿಸಿದರೂ ಒಂದು ಹನಿ ನೀರು ಕಾಣಲ್ಲ. ಮಳೆಗಾಲದಲ್ಲಿ ಡ್ಯಾಮ್ ತುಂಬುತ್ತೆ, ದಂಡೆ ಸೈಟಿನ ಕಡೆ ನಡೆದು ಬರುತ್ತೆ, ಅದರ ಜೊತೆ ನೆಲದೊಳಗಿನ ನೀರೂ ಏರುತ್ತೆ. ಇಂಗುಗುಂಡಿಗೆ ಕೆಳಗಿನಿಂದಲೇ ನೀರು ತುಂಬಿತು ಅಂದರೆ ಮಣ್ಣು ಶೋಧಿಸೋದು ನಿಂತ ಹಾಗೆ. ಸಂಡಾಸದ ನೀರು ಸೀದಾ ಹಿನ್ನೀರಿಗೆ ಸೇರುತ್ತೆ. ಕೆರೆ ದಂಡೆಯಿಂದ ಎಷ್ಟು ದೂರ ಬಿಡಬೇಕು ಅಂತ ಬೆಂಗಳೂರಿನ ಕೆರೆಗಳ ಬಗ್ಗೆ ದೊಡ್ಡ ಜಗಳವೇ ನಡೆಯಿತು. 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಅಂದಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮಲ್ಲಿ ದಂಡೆಯೇ ಒಂದು ಕಡೆ ನಿಲ್ಲಲ್ಲ. ಟೇಪನ್ನು ಯಾವ ತಿಂಗಳು ಹಿಡಿಯೋದು ಹೇಳಿ?

ಇನ್ನೊಂದು ಫಜೀತಿ ಇದೆ. ಟ್ಯಾಂಕ್ ತುಂಬಿತು ಅಂತ ಆಗಸ್ಟಿನಲ್ಲಿ ಸಕ್ಕಿಂಗ್ ಗಾಡಿ ಕರೆಸಿ ಪೂರ್ತಿ ಖಾಲಿ ಮಾಡಿಸಿದರೆ, ಕೆಳಗಿನ ನೀರು ಆ ಟ್ಯಾಂಕನ್ನೇ ದೋಣಿ ಥರ ಎತ್ತಬಹುದು, ಇಲ್ಲವೇ ತಳ ಸೀಳಬಹುದು. ಆ ಕೆಲಸ ಬೇಸಿಗೆಗೇ ಇಟ್ಟುಕೊಳ್ಳಬೇಕು. ಗುಂಡಿಗೆ ಮನುಷ್ಯನನ್ನು ಇಳಿಸೋದಂತೂ ಯಾವ ಕಾಲಕ್ಕೂ ಬೇಡ. ಅದು ಅಪರಾಧ, ಒಳಗಿನ ಗ್ಯಾಸು ನಿಮಿಷದಲ್ಲಿ ಜೀವ ತೆಗೆಯುತ್ತೆ.

ದಾರಿ ಇಲ್ಲ ಅಂತಲ್ಲ. ನೆಲದ ನೀರು 180 ಸೆಂಟಿಮೀಟರಿನೊಳಗೇ ಸಿಕ್ಕರೆ ನೆಲದ ಮೇಲೆ ದಿಬ್ಬ ಕಟ್ಟಿ ಅದರಲ್ಲಿ ನೀರು ಇಂಗಿಸಿ ಅಂತ ಕೋಡೇ ಹೇಳುತ್ತೆ. ಇಂಗದ ಎರಿಗೆ, ಟ್ಯಾಂಕ್ ದಾಟಿದ ಮೇಲೆ ಕೆಳಗಿನಿಂದ ಮೇಲಕ್ಕೆ ನೀರು ಹರಿಯುವ ಖಡಿಯ ಫಿಲ್ಟರ್ ಇದೆ. ಆದರೆ ದಿಬ್ಬಕ್ಕೆ ಜಾಗ ಬೇಕು, ಫಿಲ್ಟರಿನ ನೀರಿಗೆ ಮುಂದೆ ಹರಿಯಲು ಚರಂಡಿ ಬೇಕು. ನಾಲ್ಕು ಸೈಟಿನವರು ಕೂಡಿ ಎತ್ತರದ ಕಡೆ ಒಂದೇ ವ್ಯವಸ್ಥೆ ಮಾಡಿಕೊಂಡರೆ ಎಲ್ಲರಿಗೂ ಸಸ್ತಾ ಬೀಳುತ್ತೆ ಅನ್ನೋದು ನನ್ನ ಲೆಕ್ಕ. ಗುಡಿಗೆ ಪಟ್ಟಿ ಎತ್ತುವ ಓಣಿ ಗುಂಡಿಗೆ ಎತ್ತಲ್ಲ, ಅದು ಬೇರೆ ಮಾತು.

ಅಷ್ಟರಲ್ಲಿ 524.256 ಮೀಟರ್ ಅನ್ನುವ ಅಂಕಿಯೂ ತಲೆ ಮೇಲೆ ತೂಗುತ್ತಿದೆ. 2010ರಲ್ಲಿ ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿದ ಡ್ಯಾಮಿನ ಮಟ್ಟ ಅದು, ಈಗಿನದಕ್ಕಿಂತ ನಾಲ್ಕೂವರೆ ಮೀಟರಿಗೂ ಜಾಸ್ತಿ. ಅಷ್ಟು ನೀರು ನಿಂತರೆ ದಂಡೆ ಇನ್ನೊಮ್ಮೆ ಸರಿಯುತ್ತೆ.

ಕಾಕಾ ಸದ್ಯ ಗುಂಡಿ ತೋಡಿಸಿಲ್ಲ. ಸೆಪ್ಟೆಂಬರ್‌ನಲ್ಲಿ ಡ್ಯಾಮ್ ತುಂಬಿದಾಗ ಸೈಟಿನಲ್ಲಿ ಆರಡಿ ತಗ್ಗು ತೋಡಿ, ಎರಡು ದಿನ ಬಿಟ್ಟು ನೀರು ಎಲ್ಲಿ ನಿಲ್ಲುತ್ತೆ ನೋಡೋಣ ಅಂತ ಒಪ್ಪಿಸಿದ್ದೇನೆ. ಗೌಂಡಿಗೆ ಇದು ಸುಮ್ನೆ ಖರ್ಚು ಅನಿಸಿದೆ.